ಹಸುರು ಬಳ್ಳಿಹಾವು: ಒಂದು ಹೆಸರು, ಹಲವು ಪ್ರಭೇದಗಳು

ತುಮಕೂರು ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ನೆಲಮಂಗಲದತ್ತ ಸಾಗುವವರಿಗೆ ಮಾಕಳಿಯ ಆಸುಪಾಸಿನಲ್ಲಿ ಮೊದಲು ಕಣ್ಣಿಗೆ ಬೀಳುವುವು ಉಗ್ರಾಣಗಳು, ಕಾರ್ಖಾನೆಗಳು. ಆದರೂ ಬೆಂಗಳೂರಿನ ಸುತ್ತಣ ಇಂಥ ಊರುಗಳ ಬೇಲಿಗಳಲ್ಲಿ, ಹೊಂಗೆಯ ಕೊಂಬೆಗಳಲ್ಲಿ, ಲಂಟಾನದ ಪೊದೆಗಳಲ್ಲಿ ಹಸುರು ಬಳ್ಳಿಹಾವು ಇಂದಿಗೂ ಬಾಳುತ್ತಿದೆ. ಆಗುಂಬೆಯ ಮಳೆಕಾಡಿನಲ್ಲಿಯೂ ಇದೇ ಬಣ್ಣದ, ಇದೇ ಮೈಕಟ್ಟಿನ ಹಾವು ಉಂಟು. ಇವೆರಡೂ ಒಂದೇ ಪ್ರಭೇದವೆಂದು ನಮ್ಮ ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದುವು. ಅದು ಈಗ ನಿಲ್ಲುವ ಮಾತಲ್ಲ.

ಮೊದಲು ಇವುಗಳ ಸಾಮಾನ್ಯ ಲಕ್ಷಣಗಳನ್ನು ನೋಡೋಣ. ಮೈ ಹಗ್ಗಕ್ಕಿಂತಲೂ ತೆಳು. ಮೂತಿ ಮುಂಚಾಚಿ ಚೂಪಾಗಿದೆ. ಹಗಲಿನಲ್ಲಿ ಬೇಟೆಯಾಡುವ ಈ ಹಾವು ಕೊಂಬೆಯಿಂದ ಮುಂದಕ್ಕೆ ಮೈಚಾಚಿ ನಿಶ್ಚಲವಾಗಿರುತ್ತದೆ. ಗಾಳಿ ಬೀಸಿದಾಗ ಎಳೆಯ ಕುಡಿಯಂತೆ ತಾನೂ ತೂಗುತ್ತದೆ. ಓತಿಕೇತ, ಕಪ್ಪೆ, ಸಣ್ಣ ಹಕ್ಕಿ ಇವು ಇದರ ಆಹಾರ.

ಇದರ ಕಣ್ಣು ವಿಶೇಷ ಪರಿಶೀಲನೆಗೆ ಅರ್ಹವಾದುದು. ಬಹುಪಾಲು ಹಾವುಗಳ ಪಾಪೆ ದುಂಡು ಅಥವಾ ನೆಟ್ಟನೆಯ ಸೀಳು. ಇದರದಾದರೋ ಅಡ್ಡಲಾದ ಸೀಳು, ಮೂತಿಯತ್ತ ಬೀಗದ ಕಿಂಡಿಯಂತೆ ಚಾಚಿಕೊಂಡಿದೆ. ಕಣ್ಣಿನಿಂದ ಮೂತಿಯ ತುದಿಯವರೆಗೆ ಎರಡು ಪಕ್ಕದಲ್ಲೂ ಒಂದೊಂದು ತೋಡು ಇರುವುದರಿಂದ ಮುಂದಿನ ನೋಟಕ್ಕೆ ಮೂತಿಯು ಅಡ್ಡಬರುವುದಿಲ್ಲ. ಅಕ್ಷಿಪಟಲದ ಹಿಂಬದಿಯಲ್ಲಿ ತೀಕ್ಷ್ಣದೃಷ್ಟಿಯ ಒಂದು ಕುಳಿಯೂ ಉಂಟು. ಎರಡು ಕಣ್ಣುಗಳೂ ಒಂದೇ ವಸ್ತುವಿನ ಮೇಲೆ ನೆಡುವುದರಿಂದ ಎಲೆಯ ಮೇಲೆ ಅಲುಗಾಡದೆ ಕುಳಿತ ಓತಿಯ ದೂರವನ್ನೂ ಅದು ಅಳೆಯಬಲ್ಲದು. ಹಾವುಗಳಲ್ಲಿ ಇದು ಬಹಳ ಅಪರೂಪದ ಸಾಮರ್ಥ್ಯ.

ವಿಷವನ್ನು ಕುರಿತ ಭಯ ಜನರಲ್ಲಿ ಬಹಳ. ಇದು ಕಣ್ಣನ್ನೇ ಕುಕ್ಕುತ್ತದೆಂಬ ನಂಬಿಕೆ ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಹಬ್ಬಿದೆ. 'ಅಹೇಟುಲ್ಲ' ಎಂಬ ಶಾಸ್ತ್ರೀಯ ನಾಮವೇ ಆ ಅರ್ಥದ ಸಿಂಹಳ ಶಬ್ದದಿಂದ ಬಂದುದೆನ್ನುತ್ತಾರೆ. ವಿಷದ ಹಲ್ಲುಗಳು ಬಾಯ ಹಿಂಭಾಗದಲ್ಲಿವೆ. ವಿಷವು ಓತಿಯನ್ನು ತಣ್ಣಗಾಗಿಸೀತು. ಮನುಷ್ಯನಿಗೆ ಊತ, ನೋವುಗಳಾಗಬಹುದು, ಅಷ್ಟೆ. ಕೆಣಕಿದರೆ ಕುತ್ತಿಗೆಯನ್ನು ಉಬ್ಬಿಸುತ್ತದೆ. ಆಗ ಹುರುಪೆಗಳ ನಡುವಣ ಕಪ್ಪುಬಿಳುಪು ತೊಗಲು ಕಾಣಿಸಿ ಹಾವಿನ ಬಣ್ಣವೇ ಬದಲಾದಂತೆ ತೋರುತ್ತದೆ. ಆದರೆ ಹಸುರಾದುದೆಲ್ಲ ನಿರಪಾಯವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಮಲೆನಾಡಿನ ಕುಳಿಮಂಡಲಗಳಲ್ಲಿಯೂ ಹಸುರಾದವು ಇವೆ; ಅಗಲವಾದ ತಲೆ, ನೆಟ್ಟನೆಯ ಪಾಪೆ ಇವುಗಳಿಂದ ಅವನ್ನು ಗುರುತಿಸಬೇಕು, ಅದೂ ದೂರದಿಂದಲೇ.

ಬಳ್ಳಿಹಾವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಮರದಿಂದ ಇಳಿದು ಮೊಟ್ಟೆಗೆ ತಾವು ಹುಡುಕುವ ತೊಂದರೆ ತಾಯಿಗೆ ಇದರಿಂದ ತಪ್ಪಿದೆ.

ಇನ್ನು ಹೆಸರಿನ ವಿಷಯ. 1789ರಲ್ಲಿ ಫ್ರೆಂಚ್ ವಿದ್ವಾಂಸ ಲಾಸೆಪೇಡ್ ಕೊಟ್ಟ 'ನಸೂಟ', ಎಂದರೆ ಉದ್ದ ಮೂಗಿನದು, ಎಂಬ ಹೆಸರಿನಡಿಯಲ್ಲಿ ಸಿಂಹಳದಿಂದ ಸಹ್ಯಾದ್ರಿಯವರೆಗಿನ ಹಸುರು ಬಳ್ಳಿಹಾವುಗಳೆಲ್ಲ ಸೇರಿಹೋಗಿದ್ದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಶೋಕ್ ಮಲ್ಲಿಕ್, ಕಾರ್ತಿಕ್ ಶಂಕರ್ ಮೊದಲಾದವರು ಹಲವು ವರ್ಷ ಪರ್ಯಾಯದ್ವೀಪವನ್ನು ಸುತ್ತಿ, ದೇಹಲಕ್ಷಣಗಳನ್ನೂ ಡಿ.ಎನ್.ಎ.ಯನ್ನೂ ಜೊತೆಯಿಟ್ಟು ಪರೀಕ್ಷಿಸಿ, 2020ರಲ್ಲಿ ಈ ಗುಂಪನ್ನು ಬಿಡಿಸಿದರು. 'ನಸೂಟ' ಸಿಂಹಳಕ್ಕೆ ಮಾತ್ರ ಉಳಿಯಿತು. ಬಯಲಿನ ಒಣ ನಾಡಿನ, ದೊಡ್ಡ ಮೈಯ, ಉದ್ದ ಮೂತಿಯ ಹಾವಿಗೆ ಬೆಲ್ 1825ರಲ್ಲಿ ಇಟ್ಟು ಮರೆವಿಗೆ ಸಂದಿದ್ದ 'ಆಕ್ಸಿರಿಂಕ' ಎಂಬ ಹೆಸರು ಮರಳಿ ಬಂದಿತು. ಮಾಕಳಿಯ ಕಡೆಯದು ಇದೇ. ಮಳೆಕಾಡಿನವು ಗಾತ್ರದಲ್ಲಿ ಸಣ್ಣವು, ಮೂತಿಯೂ ಗಿಡ್ಡ; ಅವು ಒಂದಲ್ಲ, 'ಬೊರಿಯಾಲಿಸ್', 'ಫಾರ್ನ್ಸ್‌ವರ್ಥಿ', 'ಮಲಬಾರಿಕ', 'ಇಸಬೆಲ್ಲಿನ' ಎಂದು ನಾಲ್ಕು. ಇವುಗಳಲ್ಲಿ 'ಫಾರ್ನ್ಸ್‌ವರ್ಥಿ' ಕರ್ನಾಟಕದ ನಡುಸಹ್ಯಾದ್ರಿಯದು. ತೇವವಿಲ್ಲದ ತಗ್ಗನ್ನು ದಾಟಲಾರದ ಜೀವಿಗೆ ಪಾಲಕ್ಕಾಡಿನಂಥ ಕಣಿವೆಯೇ ಕಡಲು. ಹೀಗೆ ಬೇರ್ಪಟ್ಟವು ಹೊರರೂಪದಲ್ಲಿ ಹೆಚ್ಚು ಬದಲಾಗದೆ ವಂಶದಲ್ಲಿ ದೂರವಾದುವು.

ಇದು ಬರಿಯ ನಾಮಕರಣದ ಚರ್ಚೆಯಲ್ಲ. ಒಂದೇ ಪ್ರಭೇದವೆಂದು ಎಣಿಸಿದಷ್ಟು ದಿನ, ಎಲ್ಲೆಡೆಯೂ ಇದೆಯಲ್ಲ ಎಂದು ನಿಶ್ಚಿಂತರಾಗಿರಬಹುದಾಗಿತ್ತು. ಈಗ ಬೆಂಗಳೂರಿನ ಬೇಲಿಯಲ್ಲಿ ಬಳ್ಳಿಹಾವು ಎಷ್ಟಿದ್ದರೂ ಮಳೆಕಾಡಿನದರ ಲೆಕ್ಕಕ್ಕೆ ಅದು ಬರುವುದಿಲ್ಲ. ಸಣ್ಣ ವ್ಯಾಪ್ತಿಯ ಪ್ರಭೇದದ ಪಾಲಿಗೆ ಒಂದು ಕಣಿವೆಯ ಕಾಡು ಹೋಯಿತೆಂದರೆ ಅದರ ನಾಡಿನಲ್ಲಿ ದೊಡ್ಡ ಭಾಗವೇ ಹೋದಂತೆ.

ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ 'ನಸೂಟ' ಎಂಬ ಚೀಟಿ ಹೊತ್ತ ಜಾಡಿಗಳಿದ್ದರೆ ಅಧ್ಯಾಪಕರು ಅವನ್ನು ಮತ್ತೊಮ್ಮೆ ನೋಡಬೇಕು. ಸಿಕ್ಕಿದ ಊರಿನ ಹೆಸರು ಬರೆದಿದ್ದರೆ ಪ್ರಭೇದವನ್ನು ಈಗಲೂ ಊಹಿಸಬಹುದು. 'ಕರ್ನಾಟಕ' ಎಂದಷ್ಟೇ ಇದ್ದರೆ ಮೂತಿಯ ಉದ್ದವನ್ನೂ ಮೈಯ ಉದ್ದವನ್ನೂ ಅಳೆದು ನೋಡುವುದೇ ಮೊದಲ ಹೆಜ್ಜೆ.