ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡಗಳು

ನಾವು ನೆಟ್ಟ ಗಿಡ ಬದುಕುವುದು ಕಷ್ಟ; ನೆಡದೆ ಬಂದ ಗಿಡ ಸಾಯುವುದು ಕಷ್ಟ. ಬಯಲುಸೀಮೆಯಲ್ಲಿ ಹಿತ್ತಲುಳ್ಳವರೆಲ್ಲರೂ ಈ ಮಾತನ್ನು ಒಪ್ಪುವರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಮ್ಮ ಗದಗ ಜಿಲ್ಲೆಯಲ್ಲಿ, ಪೇಟೆಯಿಂದ ತಂದ ಮಾವಿನ ಸಸಿಗೆ ದಿನಾಲು ಕೊಡ ನೀರು ಹೊತ್ತರೂ ಬೇಸಿಗೆಯಲ್ಲಿ ಅದು ಬಾಡಿ ನಿಲ್ಲುತ್ತದೆ. ಗೋಡೆಯ ಮಗ್ಗುಲಲ್ಲಿ ತಾನಾಗಿ ಹುಟ್ಟಿದ ಬೇವು ಮಾತ್ರ ಯಾರ ಹಂಗೂ ಇಲ್ಲದೆ ಏಳುತ್ತದೆ. ಹೀಗೆ ಬಂದವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ಈ ಪ್ರಶ್ನೆಗೆ ನಾನು ಮೊದಲು ತಪ್ಪು ಉತ್ತರ ಕೊಟ್ಟವನು. ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

ನಮ್ಮ ಮನೆ ಮುಂಡರಗಿಯ ಅಂಚಿನಲ್ಲಿದೆ. ಕಳೆದ ವರ್ಷದ ಮುಂಗಾರಿನಲ್ಲಿ ಹಿತ್ತಲ ತುಂಬ ಗಿಡಗಳೆದ್ದವು. ಎಲ್ಲವನ್ನೂ ಕಡಿದು ಸ್ವಚ್ಛ ಮಾಡಬೇಕೆಂದು ಅಪ್ಪ. ಒಂದನ್ನೂ ಮುಟ್ಟಕೂಡದೆಂದು ಆಯಿ. ಕೊನೆಗೆ ‘ಓದಿದವ ಹೇಳಲಿ’ ಎಂದು ತೀರ್ಪು ನನ್ನ ಪಾಲಿಗೆ ಬಂದಿತು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಆ ಹೆಮ್ಮೆಯಲ್ಲಿ ಕೊಡಲಿ ಎತ್ತಿಕೊಂಡು, ಆಡು ಕಟ್ಟುವ ಮೂಲೆಯಲ್ಲಿದ್ದ ಮೊಣಕಾಲೆತ್ತರದ ಮುಳ್ಳುಗಿಡವನ್ನು ಬಳ್ಳಾರಿ ಜಾಲಿಯೆಂದು ತಿಳಿದು ಮೊದಲು ಕಡಿದೆ. ಆಯಿ ಓಡಿಬಂದಳು.

“ಅಯ್ಯ ತಮ್ಮಾ, ಬನ್ನೀನ ಕಡದ್ಯಲ್ಲೋ! ದಸರಾಕ್ಕ ಊರಾಚೆ ಬನ್ನಿಗಿಡದ ತನಕಾ ಹೋಗಾಕ ನನ್ನ ಕಾಲು ಬರಾಂಗಿಲ್ಲಂತ, ಮೂರು ವರ್ಷ ಇದನ್ನ ಆಡಿನ ಬಾಯಿಂದ ಕಾದೇನಿ. ಸಾಲಿ ಕಲತು ಇದನ್ನೇನು ಕಲತಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕೊಡಲಿ ಎತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡಿದ್ದೇನೆ.

ಮೊದಲನೆಯದು: ಇದನ್ನು ಬಿತ್ತಿದವರು ಯಾರು? ತಾನಾಗಿ ಹುಟ್ಟಿತು ಎನ್ನುತ್ತೇವೆ. ಆದರೆ ಬಿತ್ತಿದವರು ಇದ್ದೇ ಇರುತ್ತಾರೆ. ಬೇವಿನ ಹಣ್ಣು ತಿಂದ ಹಕ್ಕಿ ತಂತಿಯ ಮೇಲೆಯೋ ಟೊಂಗೆಯ ಮೇಲೆಯೋ ಕುಳಿತು ಬೀಜ ಬೀಳಿಸುತ್ತದೆ. ಆದುದರಿಂದ ಬೇವು ಅವುಗಳ ಕೆಳಗೇ ಹೆಚ್ಚು. ಅರಳಿ, ಅತ್ತಿಗಳ ಸಾಸಿವೆಗಿಂತ ಸಣ್ಣ ಬೀಜಗಳು ಹಕ್ಕಿ, ಬಾವಲಿಗಳ ಹಿಕ್ಕೆಯೊಡನೆ ಗೋಡೆಯ ಬಿರುಕು ಸೇರುತ್ತವೆ. ಹುಣಸೆ, ಸೀತಾಫಲ, ಬಾರಿಗಳನ್ನು ತಿಂದು ಉಗುಳಿದವರು ನಾವೇ. ಬನ್ನಿ, ಜಾಲಿಗಳ ಕಾಯಿ ತಿಂದ ಆಡು ಹಿಕ್ಕೆಯಲ್ಲಿ ಬೀಜ ಬಿಡುತ್ತದೆ. ನಮ್ಮ ಆಡಿನ ಮೂಲೆಯಲ್ಲಿ ಎರಡೂ ಹುಟ್ಟಬಹುದಾಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಎರಡನೆಯದು: ಗುರುತು ಖಚಿತವೇ? ಬನ್ನಿಯೂ ಬಳ್ಳಾರಿ ಜಾಲಿಯೂ ಪ್ರೊಸೋಪಿಸ್ ಎಂಬ ಒಂದೇ ಮನೆತನದವೆಂದು ಸಸ್ಯಶಾಸ್ತ್ರಜ್ಞರು ಬಹುಕಾಲ ಎಣಿಸಿದ್ದರು. ಎಳೆಯವಿದ್ದಾಗ ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ಭೇದ ಮುಳ್ಳಿನಲ್ಲಿದೆ. ಜಾಲಿಯ ಮುಳ್ಳು ಎಲೆ ಹೊರಡುವ ಗೆಣ್ಣಿನಲ್ಲಿ, ಸಾಮಾನ್ಯವಾಗಿ ಜೋಡಿಯಾಗಿ, ಇರುತ್ತದೆ. ಬನ್ನಿಯ ಗಿಡ್ಡ ಮುಳ್ಳುಗಳು ಗೆಣ್ಣುಗಳ ನಡುವೆ ಕಡ್ಡಿಯುದ್ದಕ್ಕೂ ಚದುರಿರುತ್ತವೆ. (ಕೆಲವೂರುಗಳಲ್ಲಿ ಬೇರೆ ಜಾತಿಯ ಮರವನ್ನೂ ಬನ್ನಿಯೆಂದು ಪೂಜಿಸುವುದುಂಟು, ನಾನು ಹೇಳುತ್ತಿರುವುದು ಶಮೀವೃಕ್ಷ.) ಜಾಲಿ ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಉರುವಲಿಗೆ, ಇದ್ದಿಲಿಗೆ ಅದು ಬಡವರಿಗೆ ಆಸರೆಯಾಗಿದೆಯೆಂಬುದನ್ನು ಮರೆಯಬಾರದು. ಆದರೆ ಅದರ ಬುಡದಲ್ಲಿ ಬೇರೇನೂ ಸರಿಯಾಗಿ ಬೆಳೆಯದು. ಬನ್ನಿಯನ್ನಾದರೋ ರಾಜಸ್ಥಾನದ ರೈತರು ಹೊಲದ ನಡುವೆಯೇ ಬಿಟ್ಟು ಅದರ ಅಡಿಯಲ್ಲಿ ಬೆಳೆ ತೆಗೆಯುತ್ತಾರೆ. ಅಲ್ಲಿ ಅದರ ಹೆಸರು ಖೇಜಡಿ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರಗಳನ್ನು ಉಳಿಸಲು 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಪ್ರಸಿದ್ಧವಾಗಿದೆ. ನಾನು ಅದನ್ನು ಎರಡೇ ಏಟಿಗೆ ಮುಗಿಸಿದ್ದೆ.

ಮೂರನೆಯದು: ನಿಂತ ಸ್ಥಳ ಯಾವುದು? ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ದೊಡ್ಡ ಮರ ಅಡಿಪಾಯದ ಬಳಿಯ ತೇವವನ್ನು ಹೀರಿದರೆ ಆ ಮಗ್ಗುಲ ನೆಲ ಇನ್ನಷ್ಟು ಕುಗ್ಗಿ, ಗೋಡೆ ಸೀಳುತ್ತದೆ. ಎರೆಯಲ್ಲಿ, ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರದಲ್ಲಿದ್ದರೆ ಚಿಂತೆಯಿಲ್ಲ. ಬೇವು 50 ಅಡಿ ದಾಟಬಲ್ಲದು. ಗೋಡೆಯಿಂದ ಮೂರು ಮೊಳದಲ್ಲಿದ್ದ ಬೇವನ್ನು ಮನಸ್ಸು ಗಟ್ಟಿಮಾಡಿ ಕಿತ್ತೆವು. ಹಿತ್ತಲ ತುದಿಯದನ್ನು ಉಳಿಸಿಕೊಂಡೆವು. ಶಿರಹಟ್ಟಿಯ ಕಡೆ ಮಸಾರಿ ನೆಲದಲ್ಲಿ ಮನೆಯುಳ್ಳ ಗೆಳೆಯರಿಗೆ ಈ ಭಯ ಕಡಿಮೆ.

ಗೋಡೆಯಲ್ಲೇ ಹುಟ್ಟಿದ ಅರಳಿಗೆ ಮಾತ್ರ ಎಲ್ಲಿಯೂ ರಿಯಾಯಿತಿಯಿಲ್ಲ. ಲಕ್ಕುಂಡಿಯ ಗುಡಿಗಳನ್ನು ಕಟ್ಟಿದವರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದರು. ಅಂಥ ಸಂದಿನಲ್ಲಿ ನೂಲಿನಂತೆ ಇಳಿದ ಅರಳಿಯ ಬೇರು ದಪ್ಪವಾಗುತ್ತ ಕಲ್ಲನ್ನೇ ಸರಿಸಬಲ್ಲದು. ನಮ್ಮ ಮಣ್ಣಗೋಡೆಯ ಪಾಡೇನು? ಆದರೆ ಅರಳಿ ಕಡಿಯಲು ಆಯಿ ಒಪ್ಪಳು. ನಾಲ್ಕೆಲೆಯ ಸಸಿಯನ್ನು ಮಳೆಯ ದಿನ ಬೇರು ಹರಿಯದಂತೆ ಬಿಡಿಸಿ, ಕೆರೆಯ ದಂಡೆಯಲ್ಲಿ ನೆಟ್ಟು ಬಂದೆವು. ಗೋಡೆಯೂ ಉಳಿಯಿತು, ನಂಬಿಕೆಯೂ ಉಳಿಯಿತು.

ನಾಲ್ಕನೆಯದು: ನಮಗೆ ಬೇಕಾದುದೇನು, ಅದಕ್ಕೆ ನೀರೆಲ್ಲಿದೆ? ಬಚ್ಚಲ ನೀರು ಹರಿಯುವಲ್ಲಿ ಹುಟ್ಟಿದ ಕರಿಬೇವನ್ನು ಬಿಟ್ಟೆವು; ಅದು ಸಣ್ಣ ಗಿಡ, ದಿನದ ಒಗ್ಗರಣೆಗೆ ಬೇಕು. ಬೇವಿನ ಮಗ್ಗುಲಲ್ಲೇ ಎದ್ದ ಹುಣಸೆಯನ್ನು ತೆಗೆದೆವು. ಒಂದು ಸಣ್ಣ ಹಿತ್ತಲು ಎರಡು ದೊಡ್ಡ ಮರಗಳನ್ನು ಸಾಕಲಾರದು.

ತೆಗೆಯುವ ತೀರ್ಮಾನವನ್ನು ಗಿಡ ಮೊಣಕಾಲೆತ್ತರವಿದ್ದಾಗಲೇ ಮಾಡಬೇಕು. ಆಗ ನೆಲ ಹಸಿಯಿದ್ದರೆ ಎರಡು ಕೈ ಸಾಕು. ಬೆಳೆದ ಮೇಲೆ ಕೊಡಲಿ, ಕೂಲಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯದೆಯಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಜಾಲಿಯನ್ನಂತೂ ನೆಲದ ಮೇಲೆ ಕಡಿದು ಫಲವಿಲ್ಲ, ಬುಡದಿಂದ ಮತ್ತೆ ಹತ್ತು ಕವಲು ಒಡೆಯುತ್ತದೆ. ಬೇರಿನ ತಲೆಯ ಸಹಿತ ಅಗೆದು ತೆಗೆಯಬೇಕು.

ಇದೇ ಗುಣ ಬನ್ನಿಗೂ ಉಂಟು. ನಾನು ಅರಿಯದವನಾಗಿ ನೆಲದ ಮೇಲಷ್ಟೇ ಕಡಿದಿದ್ದೆ. ಈ ವರ್ಷ ಮಳೆ ಬಿದ್ದ ಮೇಲೆ ಆ ಮೋಟಿನಿಂದ ಮೂರು ಚಿಗುರು ಬಂದವು. ಆಯಿಯನ್ನು ಕೇಳಿ ಎರಡನ್ನು ಚಿವುಟಿ, ನೇರವಾದ ಒಂದನ್ನು ಬಿಟ್ಟು, ಸುತ್ತಲೂ ಜಾಲಿಯ ಮುಳ್ಳಿನ ಬೇಲಿ ಕಟ್ಟಿದ್ದೇನೆ. ಬನ್ನಿ ನಿಧಾನವಾಗಿ ಬೆಳೆಯುವ ಗಿಡ. ಆಯಿಯ ವಯಸ್ಸನ್ನು ನೆನೆದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅವಳು ಮಾತ್ರ ಈ ದಸರೆಗೆ ಆ ಗೇಣುದ್ದದ ಚಿಗುರಿಗೇ ಅರಿಷಿಣ ಕುಂಕುಮ ಏರಿಸುವುದಾಗಿ ಹೇಳಿದ್ದಾಳೆ.