ಮುಚ್ಚಿದ ವರಾಂಡದಲ್ಲಿ ಕೆಂಡದ ಒಲೆ: ಹೊಗೆ ಇಲ್ಲವೆಂದು ಮೋಸ ಹೋಗದಿರಿ



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ರಾತ್ರಿ ಹತ್ತೂವರೆಯ ಸುಮಾರಿಗೆ ನಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಒಂದೇ ಮನೆಯ ಐದು ಜನ ಬಂದರು. ಎಲ್ಲರಿಗೂ ತಲೆನೋವು, ತಲೆಸುತ್ತು. ಇಬ್ಬರಿಗೆ ವಾಂತಿ. ಎಪ್ಪತ್ತು ದಾಟಿದ ಅಜ್ಜಿಯನ್ನು ಮಾತ್ರ ಎತ್ತಿಕೊಂಡೇ ತಂದಿದ್ದರು; ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. ಸೊಸೆ ಗಾಬರಿಯಿಂದ, "ಪನೀರ ಕೆಟ್ಟಿತ್ತೋ ಏನೋ ರೀ ಸಿಸ್ಟರ್, ಎಲ್ಲಾರಿಗೂ ಒಮ್ಮೆಲೇ ಹಿಂಗಾತು" ಎಂದರು.

ಊಟದ ದೋಷವೆಂದೇ ನಾವೂ ಮೊದಲು ತಿಳಿದೆವು. ಆದರೆ ಅಜ್ಜಿ ಆ ದಿನ ಉಪವಾಸ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಬಿಟ್ಟರೆ ಏನೂ ತಿಂದಿರಲಿಲ್ಲ. ಪನೀರು ಮುಟ್ಟದವರಿಗೇ ಎಲ್ಲರಿಗಿಂತ ಹೆಚ್ಚು ತೊಂದರೆ ಆಗಿದ್ದು ಹೇಗೆ? ಆಗ ನಮ್ಮ ವೈದ್ಯರು ಏನು ತಿಂದಿರಿ ಎಂಬ ಪ್ರಶ್ನೆಯನ್ನು ಬಿಟ್ಟು, ಯಾವುದರ ಮೇಲೆ ಬೇಯಿಸಿದಿರಿ, ಎಲ್ಲಿ ಬೇಯಿಸಿದಿರಿ ಎಂದು ಕೇಳಿದರು.

ಬೆಂಗಳೂರಿನಿಂದ ಬಂದಿದ್ದ ಮಗ ಬಾರ್ಬೆಕ್ಯೂ ಒಲೆ ತಂದಿದ್ದ. ಕಬ್ಬಿಣದ ತೊಟ್ಟಿಯಲ್ಲಿ ಇದ್ದಿಲು ಹೊತ್ತಿಸಿ, ಮೇಲಿನ ಜಾಲರಿಯಲ್ಲಿ ಪನೀರು, ಆಲೂಗಡ್ಡೆ, ಗೋವಿನಜೋಳದ ತೆನೆ ಸುಡುವ ಒಲೆ. ಅಂಗಳದಲ್ಲಿ ಹೊತ್ತಿಸಿದ್ದರು. ಮಳೆ ಬಂತೆಂದು ಒಲೆಯನ್ನು ವರಾಂಡಕ್ಕೆ ಎತ್ತಿಟ್ಟರು. ಎರಚಲು ಬಾರದಿರಲೆಂದು ಗಾಜಿನ ಕಿಟಕಿ ಎಳೆದರು. ಅಜ್ಜಿ ಮಲಗಿದ್ದ ಕೋಣೆಯ ಬಾಗಿಲು ಆ ವರಾಂಡಕ್ಕೇ ತೆರೆಯುತ್ತದೆ. ತಿಂದು ಮುಗಿದ ಮೇಲೂ ಒಲೆ ಅಲ್ಲೇ ಇತ್ತು. ಕೆಂಡವಷ್ಟೇ ಉಳಿದಿತ್ತು, ಹೊಗೆ ಇರಲಿಲ್ಲ ಎಂದು ಮಗ ಹೇಳಿದ.

ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಜ್ಜಿ ಈಗ ಚೆನ್ನಾಗಿದ್ದಾರೆ.

ಹೊಗೆ ಬೇರೆ, ವಿಷ ಬೇರೆ

ಕಟ್ಟಿಗೆ, ಇದ್ದಿಲು, ಕುಳ್ಳು, ಸೀಮೆಎಣ್ಣೆ, ಗ್ಯಾಸ್, ಇವು ಯಾವುದೇ ಉರಿಯುವಾಗ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದ್ದಿಲಿನಲ್ಲಿ ಇದು ಹೆಚ್ಚು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹಸಿ ಕಟ್ಟಿಗೆಯ ಹೊಗೆಯಾದರೆ ನಮ್ಮನ್ನು ಹೊರಗೆ ಓಡಿಸುತ್ತದೆ. ಅದೊಂದು ಉಪಕಾರವೇ ಸರಿ. ಕೆಂಪಗೆ ನಿಗಿನಿಗಿ ಎನ್ನುವ ಕೆಂಡ ಓಡಿಸುವುದಿಲ್ಲ. ಬೆಚ್ಚಗೆ ಹತ್ತಿರ ಕೂರಿಸಿಕೊಳ್ಳುತ್ತದೆ.

ಅಡುಗೆ ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಆ ವಾಸನೆ ಗ್ಯಾಸಿನದಲ್ಲ, ಸೋರಿದ್ದು ನಮಗೆ ತಿಳಿಯಲೆಂದು ಕಂಪನಿಯವರು ಬೆರೆಸಿದ್ದು. ಕೆಂಡದಿಂದ ಹುಟ್ಟುವ ಅನಿಲಕ್ಕೆ ಹಾಗೆ ವಾಸನೆ ಬೆರೆಸುವವರು ಯಾರೂ ಇಲ್ಲ.

ಈ ಅನಿಲ ದೇಹದಲ್ಲಿ ಮಾಡುವ ಕೆಲಸ ಇಷ್ಟು. ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೆದುಳು, ಹೃದಯ ಮುಂತಾದ ಅಂಗಗಳಿಗೆ ಮುಟ್ಟಿಸುತ್ತದೆ. ಬಸ್ಸಿನ ಸೀಟುಗಳಿದ್ದಂತೆ ಎಂದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಆ ಸೀಟನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದು ಕೂರುತ್ತದೆ, ಬೇಗ ಏಳುವುದಿಲ್ಲ. ಉಸಿರಾಟ ನಡೆದಿರುತ್ತದೆ, ಎದೆ ಏರಿಳಿಯುತ್ತಿರುತ್ತದೆ, ಆದರೆ ಮೆದುಳಿಗೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲು ಸೋಲುವುದು. ಆಮೇಲೆ ಗೊಂದಲ, ಮಂಪರು, ಪ್ರಜ್ಞೆ ತಪ್ಪುವುದು. ಮಲಗಿದವರಿಗೆ ಮೊದಲ ಲಕ್ಷಣಗಳೇ ತಿಳಿಯುವುದಿಲ್ಲ. ನಿದ್ರೆ ಹಾಗೆಯೇ ಆಳವಾಗಿ ಹೋಗುತ್ತದೆ.

2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹೊತ್ತಿಸಿಕೊಂಡು ಮಲಗಿದ ಯುವಕರಲ್ಲಿ ಮೂವರು ಮತ್ತೆ ಏಳಲಿಲ್ಲ. 2024ರ ಆಗಸ್ಟ್‌ನಲ್ಲಿ ಕೊಡೈಕೆನಾಲಿನಲ್ಲಿ ಬಾರ್ಬೆಕ್ಯೂ ಮಾಡಿದ ಕೆಂಡ ಕೋಣೆಯಲ್ಲಿದ್ದಾಗ ಅಲ್ಲಿ ಮಲಗಿದ ಇಬ್ಬರು ಪ್ರವಾಸಿಗರು ತೀರಿಕೊಂಡರು. ಇವರೆಲ್ಲ ವಯಸ್ಸಿನಲ್ಲಿ ಚಿಕ್ಕವರು, ಗಟ್ಟಿಮುಟ್ಟಾಗಿದ್ದವರು.

ವರಾಂಡ ಹೊರಗಲ್ಲವೇ?

ಬಹಳ ಜನ ಕೇಳುವ ಪ್ರಶ್ನೆ ಇದು. ಮೊದಲಿನ ಮನೆಗಳ ಮುಂದಿನ ಕಟ್ಟೆ ಮೂರು ಕಡೆ ಬಯಲಾಗಿರುತ್ತಿತ್ತು. ಈಗ ಕಳ್ಳರ ಭಯಕ್ಕೆ ಗ್ರಿಲ್, ಸೊಳ್ಳೆಗೆ ಜಾಳಿಗೆ, ಧೂಳಿಗೆ ಗಾಜು, ಮಳೆಗೆ ತಾಡಪತ್ರಿ, ಮೇಲೆ ಪತ್ರಾ. ಹೀಗೆ ಮುಚ್ಚಿದ ಮೇಲೆ ಅದು ಹೆಸರಿಗೆ ಮಾತ್ರ ವರಾಂಡ, ಕೆಲಸದಲ್ಲಿ ಇನ್ನೊಂದು ಕೋಣೆ. ಶಹರದ ಫ್ಲ್ಯಾಟುಗಳಲ್ಲಿ ಗಾಜು ಹಾಕಿಸಿದ ಬಾಲ್ಕನಿಯೂ ಹಾಗೆಯೇ.

ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯ ತೂಕದಷ್ಟೇ. ಅದು ಮೇಲೆ ಹೋಗಿ ಮಾಡಿಗೆ ಸೇರುವುದೂ ಇಲ್ಲ, ಕೆಳಗೆ ಇಳಿದು ನೆಲಕ್ಕೆ ಕೂರುವುದೂ ಇಲ್ಲ. ಎಲ್ಲ ಕಡೆ ಬೆರೆತುಕೊಂಡು ಬಾಗಿಲ ಸಂದಿಯಿಂದ ಒಳಗಿನ ಕೋಣೆಗೂ ಹೋಗುತ್ತದೆ. ಒಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಸಾಲದು. ತಿರುಗುವ ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಅಥವಾ ಮಾಸ್ಕ್ ಇದನ್ನು ತಡೆಯುವುದಿಲ್ಲ. ಗ್ಯಾಸಿನ ಬಾರ್ಬೆಕ್ಯೂ ಒಲೆಯಾದರೂ ಮುಚ್ಚಿದ ಜಾಗದಲ್ಲಿ ಅಪಾಯ ತಪ್ಪಿದ್ದಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಕುಸಿದು ಬೀಳುವುದೂ ಇದೇ ಅನಿಲದಿಂದ.

ನಮ್ಮ ಹೊಲಗಳಲ್ಲಿ ಸೀತನಿ ಸುಡುತ್ತೇವಲ್ಲ, ಕುಳ್ಳಿನ ಕೆಂಡದ ಸುತ್ತ ಮಕ್ಕಳು ಮುದುಕರೆಲ್ಲ ಕೂತು ಉಜ್ಜಿ ತಿನ್ನುತ್ತೇವೆ. ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಕೆಂಡ ಅದೇ, ಅನಿಲವೂ ಅದೇ. ತಲೆಯ ಮೇಲೆ ಆಕಾಶವಿರುತ್ತದೆ, ಅಷ್ಟೇ ವ್ಯತ್ಯಾಸ. ಬಾರ್ಬೆಕ್ಯೂ ಬೇಡವೆಂದು ನಾನು ಹೇಳುತ್ತಿಲ್ಲ. ಅಂಗಳದಲ್ಲಿ, ಹಿತ್ತಲಲ್ಲಿ, ಬಯಲು ಮಾಳಿಗೆಯ ಮೇಲೆ, ಕಿಟಕಿ ಬಾಗಿಲುಗಳಿಂದ ದೂರ ಇಟ್ಟು ಮಾಡಿ. ಮಳೆ ಬಂದರೆ ಒಲೆಯನ್ನು ನೆನೆಯಲು ಬಿಟ್ಟು ನೀವು ಒಳಗೆ ಬನ್ನಿ. ಉಳಿದದ್ದನ್ನು ಅಡುಗೆಮನೆಯ ಹಂಚಿನ ಮೇಲೆ ಸುಟ್ಟುಕೊಳ್ಳಬಹುದು.

ಮುಗಿದ ಮೇಲೆಯೂ ಎಚ್ಚರ ಬೇಕು. ಬೂದಿ ಮುಚ್ಚಿದ ಕೆಂಡ ಎಂಬ ಮಾತು ನಮ್ಮಲ್ಲಿದೆ. ಬೂದಿಯ ಕೆಳಗೆ ಕೆಂಡ ಗಂಟೆಗಟ್ಟಲೆ ಬದುಕಿರುತ್ತದೆ, ಅನಿಲ ಬಿಡುತ್ತಲೇ ಇರುತ್ತದೆ. ಹೊರಗೇ ನೀರು ಸುರಿದು ಪೂರ್ತಿ ಆರಿಸಿ, ತಣ್ಣಗಾಗುವ ತನಕ ಹೊರಗೇ ಬಿಡಿ. ನೀರನ್ನು ಸ್ವಲ್ಪ ಸ್ವಲ್ಪವೇ, ದೂರ ನಿಂತು ಹಾಕಿ. ಒಮ್ಮೆಲೇ ಸುರಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಹೊತ್ತಿಸುವಾಗ ಕೆಂಡದ ಮೇಲೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಿಕೊಂಡು ಬಂದರೆ ನಾವು ಅದನ್ನು ತೊಳೆಯುವಾಗ ನಿಮಗೆ ಎರಡನೇ ಸಲ ನೋವು.

ಬಾಣಂತಿ ಕೋಣೆಯ ಶೇಗಡಿ

ಬಾರ್ಬೆಕ್ಯೂ ನಮ್ಮ ಮನೆಗಳಲ್ಲಿ ಅಪರೂಪ. ಶೇಗಡಿ ಅಪರೂಪವಲ್ಲ. ಆದ್ದರಿಂದ ನನ್ನ ಬಾಣಂತನದ ಸಂಗತಿಯನ್ನೂ ಹೇಳಿಬಿಡುತ್ತೇನೆ.

ಡಿಸೆಂಬರ್ ಚಳಿ. ತವರುಮನೆಯಲ್ಲಿ ನಮ್ಮವ್ವ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ಕಿಟಕಿಗೆ ಗೋಣಿತಾಟು ಕಟ್ಟಿ, ಬಾಗಿಲು ಎಳೆದಿದ್ದಳು. ಅವಳಿಗೆ ಅವಳ ಅವ್ವ ಮಾಡಿದ್ದು ಅದೇ. ಮೂರನೇ ವಾರದಲ್ಲಿ ನನಗೆ ದಿನಾ ಬೆಳಿಗ್ಗೆ ತಲೆ ಸಿಡಿಯತೊಡಗಿತು, ಓಕರಿಕೆ ಬೇರೆ. ರಕ್ತ ಕಡಿಮೆಯಾಗಿದೆ, ನಿದ್ದೆಗೆಟ್ಟಿದ್ದೇನೆ ಎಂದುಕೊಂಡೆ. ಕೂಸು ಅಳುವುದು ಕಡಿಮೆಯಾಯಿತು. ಹಾಲಿಗೆ ಎಬ್ಬಿಸಿದರೂ ಏಳದು. ಬಂದವರೆಲ್ಲ "ಕೂಸು ಎಷ್ಟ ಶಾಣ್ಯಾ ಅದ, ತ್ರಾಸ ಕೊಡೂದಿಲ್ಲ" ಎನ್ನುತ್ತಿದ್ದರು. ನನಗೂ ಅದು ಸಮಾಧಾನದ ಮಾತಾಗಿಯೇ ಕೇಳಿಸಿತು. ಒಂದು ದಿನ ನಮ್ಮಕ್ಕ ನೋಡಲು ಬಂದವಳು "ಇದೇನ ಧಗಿ!" ಎಂದು ಬಾಗಿಲು ತೆರೆದು, ಕೂಸನ್ನೆತ್ತಿಕೊಂಡು ಬಿಸಿಲಿಗೆ ಹೋದಳು. ಅರ್ಧ ತಾಸಿನಲ್ಲಿ ಕೂಸು ಕಿರುಚಿ ಅತ್ತಿತು. ನನ್ನ ತಲೆನೋವೂ ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಆಗ ಹೊಳೆಯಿತು. ನರ್ಸಿಂಗ್ ಪರೀಕ್ಷೆಯಲ್ಲಿ ಇದೇ ಅನಿಲದ ಬಗ್ಗೆ ಎರಡು ಪುಟ ಬರೆದು ಅಂಕ ಪಡೆದವಳು ನಾನು.

ಕೂಸು ಏಕೆ ಬೇಗ ಬಾಡುತ್ತದೆ? ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ಅದೇ ಗಾಳಿಯಲ್ಲಿ ತನ್ನ ತೂಕಕ್ಕೆ ಹೋಲಿಸಿದರೆ ಅದು ಹೆಚ್ಚು ವಿಷ ಎಳೆದುಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಹಿಂದೆ ಪಂಜರದಲ್ಲಿ ಕೆನರಿ ಹಕ್ಕಿ ಒಯ್ಯುತ್ತಿದ್ದುದು ಇದಕ್ಕಾಗಿಯೇ. ಪುಟ್ಟ ಹಕ್ಕಿ ಮನುಷ್ಯರಿಗಿಂತ ಮೊದಲೇ ಕುಸಿದು ಎಚ್ಚರಿಸುತ್ತಿತ್ತು. ನಮ್ಮ ಕೂಸನ್ನು ಆ ಹಕ್ಕಿಯ ಜಾಗದಲ್ಲಿ ಇಡಬಾರದು. ಬಸುರಿಯರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಹೊಟ್ಟೆಯೊಳಗಿನ ಮಗುವಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ಬಿಡುವುದೂ ತಡ. ತಾಯಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಬರಲೇಬೇಕು. ಹೃದಯದ ಕಾಯಿಲೆ, ರಕ್ತಹೀನತೆ, ದಮ್ಮು ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಬಾಣಂತಿಗೆ ಕಾವು ಬೇಡವೇ? ಬೇಕು. ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ತಲೆಗೆ ಸ್ಕಾರ್ಫು, ಕಾಲಿಗೆ ಕಾಲುಚೀಲ, ದಪ್ಪ ಕೌದಿ, ಕುಡಿಯಲು ಬಿಸಿನೀರು. ಕೂಸಿಗೆ ಕುಲಾಯಿ ಹಾಕಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿಕೊಂಡು ಮೇಲೆ ಹೊದೆಸಿದರೆ ಅದಕ್ಕಿಂತ ಒಳ್ಳೆಯ ಶೇಗಡಿ ಇಲ್ಲ. ಎರೆಯುವ ನೀರು ಕಾಯಿಸುವ ಒಲೆ ಬಚ್ಚಲಿನ ಹೊರಗಿರಲಿ. ಲೋಬಾನದ ಹೊಗೆ ಹಾಕುವ ರೂಢಿಯನ್ನೂ ಬಿಡಿರೆಂದು ನಾನು ಅತ್ತೆಯಂದಿರಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಕ್ಕೂ ಕೆಂಡವೇ ಬೇಕಲ್ಲ.

ಗುರುತಿಸುವುದು ಹೇಗೆ, ಕೂಡಲೇ ಮಾಡುವುದೇನು

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಂದೇ ಹೊತ್ತಿಗೆ ತಲೆನೋವು, ಓಕರಿಕೆ ಬಂದು ಜ್ವರ ಮಾತ್ರ ಇಲ್ಲದಿದ್ದರೆ, ಹೊರಗೆ ಹೋದಾಗ ಹಗುರವಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ, ಮನೆಯಲ್ಲಿ ಏನು ಉರಿಯುತ್ತಿದೆ ಎಂದು ಮೊದಲು ನೋಡಿ.

ಒಲೆ ಆರಿಸುತ್ತ ನಿಲ್ಲಬೇಡಿ. ಬಾಗಿಲು ತೆರೆದು ಮೊದಲು ಜನರನ್ನು ಬಯಲಿಗೆ ತನ್ನಿ. ಮಲಗಿದವರನ್ನು ಎಣಿಸಿ, ಒಳಕೋಣೆಯ ಮುದುಕರು, ತೊಟ್ಟಿಲ ಕೂಸು ಮರೆತುಹೋಗುವುದುಂಟು. ಪ್ರಜ್ಞೆ ಇಲ್ಲದವರನ್ನು ಮಗ್ಗುಲಾಗಿ ಮಲಗಿಸಿ. ಉಸಿರು ನಿಂತಿದ್ದರೆ, ಕಲಿತವರು ಎದೆ ಒತ್ತಲು ಆರಂಭಿಸಬೇಕು. 108ಕ್ಕೆ ಫೋನ್ ಮಾಡಿ. ಈರುಳ್ಳಿ ಮೂಸಿಸುವುದು, ಮಜ್ಜಿಗೆ, ಲಿಂಬೆ ಪಾನಕ ಕುಡಿಸುವುದು ಬೇಡ; ಮಂಪರಿನಲ್ಲಿರುವವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ಈ ಸಂದರ್ಭದಲ್ಲಿ ಅದನ್ನು ನಂಬಬೇಡಿ. ರಕ್ತದ ಸೀಟಿನಲ್ಲಿ ಕೂತಿರುವುದು ಆಮ್ಲಜನಕವೋ ಈ ವಿಷವೋ ಎಂದು ಅದಕ್ಕೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಆ ರಾತ್ರಿ ಅಜ್ಜಿಯ ಬೆರಳಿಗೆ ಹಾಕಿದಾಗಲೂ 98 ಎಂದೇ ತೋರಿಸಿತು.

ಆಸ್ಪತ್ರೆಗೆ ಬಂದ ಕೂಡಲೇ "ಮುಚ್ಚಿದ ಜಾಗದಲ್ಲಿ ಕೆಂಡ ಇತ್ತು" ಎಂದು ಹೇಳಿ. ನಾಚಿಕೆಪಟ್ಟು ಮುಚ್ಚಿಟ್ಟರೆ ನಾವು ಹೊಟ್ಟೆಯ ಔಷಧ ಕೊಡುತ್ತ ಹೊತ್ತು ಕಳೆಯುತ್ತೇವೆ. ಇದರ ಚಿಕಿತ್ಸೆ ಆಮ್ಲಜನಕವೇ. ಹೊರಗಿನ ಗಾಳಿಯಲ್ಲಿ ಸುಮ್ಮನೆ ಕೂತರೆ ರಕ್ತದಲ್ಲಿರುವ ಈ ಅನಿಲ ಅರ್ಧಕ್ಕೆ ಇಳಿಯಲು ಸುಮಾರು 4ರಿಂದ 5 ತಾಸು ಬೇಕು; ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ತಾಸು ಸಾಕು. ಮಾಸ್ಕ್ ಹಾಕಿಸಿಕೊಂಡವರು ಸೆಖೆಯಾಗುತ್ತದೆಂದು ತೆಗೆದು ಪಕ್ಕಕ್ಕಿಡುತ್ತಾರೆ, ಪಕ್ಕದಲ್ಲಿ ಕೂತ ಬಂಧುಗಳು ನೋಡಿಯೂ ಸುಮ್ಮನಿರುತ್ತಾರೆ. ದಯವಿಟ್ಟು ತೆಗೆಯಲು ಬಿಡಬೇಡಿ.

ಮನೆಗೆ ಹೋದ ಕೆಲ ದಿನಗಳಿಗೋ ಕೆಲ ವಾರಗಳಿಗೋ ಮರೆವು, ನಡಿಗೆಯಲ್ಲಿ ತೂರಾಟ, ಸ್ವಭಾವದಲ್ಲಿ ಬದಲಾವಣೆ ಕಂಡರೆ ವಯಸ್ಸಾಯಿತೆಂದು ತಳ್ಳಿಹಾಕದೆ ಮತ್ತೆ ಕರೆತನ್ನಿ. ಕೆಲವರಲ್ಲಿ ಈ ವಿಷದ ಪರಿಣಾಮ ತಡವಾಗಿ ಕಾಣಿಸಿಕೊಳ್ಳುತ್ತದೆ.

ಹೆರಿಗೆ ವಾರ್ಡಿನಿಂದ ಬಿಡುಗಡೆಯಾಗುವ ಮುನ್ನ ಬಾಣಂತಿಯ ಜೊತೆ ತಾಯಿ ಅಥವಾ ಅತ್ತೆ, ಯಾರು ಆರೈಕೆ ಮಾಡುವರೋ ಅವರು, ನನ್ನನ್ನು ಕಂಡು ಹೋಗಿ. ಕೋಣೆಗೆ ಕಿಟಕಿ ಎಷ್ಟು, ನೀರೊಲೆ ಎಲ್ಲಿದೆ, ರಾತ್ರಿ ಕಾವಿಗೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಐದು ನಿಮಿಷದ ಮಾತು, ಚೀಟಿ ಬೇಕಿಲ್ಲ.