ಡುಮ್ಮಣ್ಣನ ಸೀನಿಗೆ ನಗದ ಹುಡುಗ

ಮೂರು ತಿಂಗಳ ಹಿಂದಿನ ಮಾತು. ಭಾನುವಾರದ ಮ್ಯಾಟ್ನಿ. ಪರದೆಯ ಮೇಲೆ ದಪ್ಪಗಿನ ಹಾಸ್ಯನಟ ಕುರ್ಚಿಯಲ್ಲಿ ಕೂತ, ಕುರ್ಚಿ ಮುರಿಯಿತು. ಟಾಕೀಸಿನ ತುಂಬ ಕೇಕೆ, ಶಿಳ್ಳೆ! ನಾನೂ ನಕ್ಕೆ. ಪಕ್ಕದಲ್ಲಿದ್ದ ನಮ್ಮ ಬೀದಿಯ ಹುಡುಗ ಮಾತ್ರ ನಗಲಿಲ್ಲ. ವಯಸ್ಸು 16, ತೂಕ 94 ಕೆ.ಜಿ. ಇಂಟರ್ವಲ್‌ನಲ್ಲಿ ಮೆಲ್ಲಗೆ ಕೇಳಿದ: "ಅಣ್ಣಾ, ಆಪರೇಷನ್ ಮಾಡಿ ಕೊಬ್ಬು ತೆಗೀತಾರಂತೆ. ಎಷ್ಟಾಗುತ್ತೆ?"

ಕೈಲಿದ್ದ ಬೋಂಡಾ ಕೈಯಲ್ಲೇ ಉಳಿಯಿತು. 2022ರ ಮೇ ತಿಂಗಳು ನೆನಪಾಯಿತು. ಕಿರುತೆರೆಯ ನಟಿ ಚೇತನಾ ರಾಜ್, ಇನ್ನೂ 21 ವರ್ಷ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದವರು ಮನೆಗೆ ಮರಳಲಿಲ್ಲ. ಪಾಪ!

ಹುಡುಗನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಪರೀಕ್ಷೆ ಮಾಡಿ, ಊಟ, ನಿದ್ದೆ, ಓಡಾಟದ ರೂಢಿ ತಿದ್ದುವ ಒಬ್ಬ ತರಬೇತುದಾರರ ಬಳಿ ಕಳಿಸಿದರು. ಪಿಚ್ಚರ್‌ಗಳಲ್ಲಿ ಬರುವ ಹಾಗೆ ಸೀಟಿ ಊದುವ ಗುರು ಇರಬಹುದು ಅಂದುಕೊಂಡಿದ್ದೆ. ನೋಡಿದರೆ, ಕನ್ನಡಕ ಹಾಕಿದ ಒಬ್ಬ ಮೇಡಂ! ತೂಕದ ಮಾತೇ ಎತ್ತಲಿಲ್ಲ.

"ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಪ್ಪಾ?"

"ಒಂದೂವರೆ ಆಗುತ್ತೆ ಮೇಡಂ... ಮೊಬೈಲ್..."

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವು ಜಾಸ್ತಿ ಎಂದರು. ಮೊದಲ ವಾರ ಒಂದೇ ಕೆಲಸ: ಬಾಟಲಿ ಕೂಲ್‌ಡ್ರಿಂಕ್ಸ್ ಬಿಡುವುದು. 250 ಮಿ.ಲೀ. ಬಾಟಲಿಯಲ್ಲಿ ಐದಾರು ಚಮಚ ಸಕ್ಕರೆ ಇರುತ್ತೆ. ಇವನು ದಿನಕ್ಕೆ ಎರಡು ಇಳಿಸುತ್ತಿದ್ದ! ಎರಡನೇ ವಾರ, ಒಂದು ಸ್ಟಾಪ್ ಮುಂಚೆಯೇ ಬಸ್ ಇಳಿದು ನಡೆಯುವುದು. ದಿನಕ್ಕೆ 60 ನಿಮಿಷ ಮೈ ದಣಿಸಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಉಪವಾಸ ಕೂಡದು, ಬೆಳೆಯೋ ಹುಡುಗ. ಮನೆಯಲ್ಲಿ ಇವನಿಗೊಂದು, ಉಳಿದವರಿಗೊಂದು ಅಡುಗೆಯೂ ಕೂಡದು. ಅವನಮ್ಮ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಒಪ್ಪಿದರು.

ನಮ್ಮ ಪಿಚ್ಚರ್‌ಗಳಲ್ಲಿ ಒಂದೇ ಹಾಡಿನಲ್ಲಿ ಹೀರೋ ಸಿಕ್ಸ್‌ಪ್ಯಾಕ್ ಮಾಡಿಬಿಡುತ್ತಾನೆ. ನಿಜದಲ್ಲಿ? ಹಿಂದಿಯ ಅರ್ಜುನ್ ಕಪೂರ್ 140 ಕೆ.ಜಿ. ಇದ್ದವರು. ಸಲ್ಮಾನ್ ಖಾನ್ ಬೆನ್ನಿಗೆ ನಿಂತು ಹುರಿದುಂಬಿಸಿದರು. ವರ್ಷಗಟ್ಟಲೆ ಬೆವರಿಳಿಸಿದ ಮೇಲೆ 2012ರಲ್ಲಿ 'ಇಷಕ್‌ಜಾದೆ'ಯ ಹೀರೋ ಆದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2023ರಲ್ಲಿ ಹೇಳಿದ್ದು ಇದನ್ನೇ: 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ತರಬೇತಿ, ಅದೂ ಮನೆಯವರ ಜೊತೆ ಕೂರಿಸಿಕೊಂಡು.

ನಮ್ಮ ಹುಡುಗ ಈಗ 91 ಕೆ.ಜಿ. "ಮೂರೇ ಕೆ.ಜಿ.ನಾ?" ಎಂದರು ಅವನಪ್ಪ. ಮೇಡಂ ಮಾತ್ರ, ರಾತ್ರಿ ಹತ್ತೂವರೆಗೆ ಮಲಗುತ್ತಿದ್ದಾನೆ ಎಂದು ಕೇಳಿ ಅವನ ಬೆನ್ನು ತಟ್ಟಿದರು.

ಮೊನ್ನೆ ಶುಕ್ರವಾರ ಹೊಸ ಪಿಚ್ಚರ್ ರಿಲೀಸು. ಆಟೋಗೆ ಕೈ ಅಡ್ಡ ಹಾಕಿದೆ. "ಬೇಡಣ್ಣಾ, ನಡೆದೇ ಹೋಗೋಣ" ಅಂದ. ಟಾಕೀಸು ಮೂರು ಕಿಲೋಮೀಟರ್! ಗೇಟು ಮುಟ್ಟುವಾಗ ಏದುಸಿರು ಬಿಡುತ್ತಿದ್ದವನು ನಾನು.